ಓದುವ ಮೇಜಿಗೆ ಯಾವ ಲ್ಯಾಂಪ್? ವಾಗನ್‌ಫೆಲ್ಡ್, ಟಿಟ್ಸಿಯೊ, ಆಂಗಲ್‌ಪಾಯ್ಸ್

ಮೂರು ಲ್ಯಾಂಪಿಗೂ ಒಂದೇ ಹೊಗಳಿಕೆ ಕೇಳಿಬರುತ್ತದೆ: ಬೇಡದ ಅಲಂಕಾರ ಇಲ್ಲ, ಕೆಲಸಕ್ಕೆ ತಕ್ಕ ರೂಪ. ಹಾಗಾದರೆ ಕೆಲಸ ಕೊಟ್ಟೇ ನೋಡೋಣ ಅಂತ ಮೂರನ್ನೂ ಮೇಜಿನ ಮೇಲಿಟ್ಟೆ. ರಾತ್ರಿ ಪುಸ್ತಕ ಓದುವುದು, ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುವುದು, ಅಷ್ಟೇ ಪರೀಕ್ಷೆ.

ನೋಡೋಕೆ ಚೆಂದ ಅಂದರೆ ವಾಗನ್‌ಫೆಲ್ಡ್ ಲ್ಯಾಂಪ್. 1924ರಲ್ಲಿ ಜರ್ಮನಿಯ ಬೌಹೌಸ್ ಎಂಬ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ್ದು. ಗಾಜಿನ ಪೀಠ, ಗಾಜಿನ ಕಂಬ, ಮೇಲೆ ಹಾಲುಬಣ್ಣದ ಗಾಜಿನ ಗುಮ್ಮಟ. ಬೆಳಕು ಮೆತ್ತಗಿದೆ, ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ಅದು ಗೋಡೆಗೂ ಹೋಗುತ್ತದೆ, ನನ್ನ ಮುಖಕ್ಕೂ ಬರುತ್ತದೆ. ಪುಟಕ್ಕೆ ಸಿಗುವುದು ಮಿಕ್ಕಿದ್ದು. ಲ್ಯಾಂಪ್ ಬಾಗುವುದಿಲ್ಲ, ಪುಸ್ತಕವೇ ಅದರ ಹತ್ತಿರ ಹೋಗಬೇಕು. ತಮಾಷೆ ಏನು ಗೊತ್ತಾ? ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾದ ಹಾಗೆ ಕಾಣುವ ಇದನ್ನು ಆಗ ಕೈಯಲ್ಲೇ ಮಾಡುತ್ತಿದ್ದರು, ಖರ್ಚೂ ಜಾಸ್ತಿ. ಲೈಪ್‌ಜಿಗ್ ಮೇಳಕ್ಕೆ ಒಯ್ದಾಗ ವ್ಯಾಪಾರಿಗಳು ನಕ್ಕರಂತೆ.

ಟಿಟ್ಸಿಯೊ ಬೇರೆಯೇ ಜಾತಿ. 1972ರಲ್ಲಿ ರಿಚರ್ಡ್ ಸ್ಯಾಪರ್ ಇಟಲಿಯ ಆರ್ಟೆಮಿಡೆ ಕಂಪನಿಗೆ ಮಾಡಿಕೊಟ್ಟದ್ದು. ಲೆಕ್ಕವೆಲ್ಲ ತಕ್ಕಡಿಯದು: ಒಂದು ಕಡೆ ತೋಳು, ಇನ್ನೊಂದು ಕಡೆ ಎದುರು ಭಾರ. ಒಂದೇ ಬೆರಳಲ್ಲಿ ಸರಿಸಬಹುದು. ತೋಳಿನ ಮೇಲೆ ವೈರ್ ಇಲ್ಲ. ಪೀಠದೊಳಗಿನ ಟ್ರಾನ್ಸ್‌ಫಾರ್ಮರ್ ಕರೆಂಟನ್ನು 12 ವೋಲ್ಟ್‌ಗೆ ಇಳಿಸುತ್ತದೆ, ಅದು ತೋಳುಗಳಲ್ಲೇ ಹರಿಯುತ್ತದೆ. ಅದ್ಭುತ. ಆದರೆ ಮುಂದೆ ತೋಳು ಇಳಿದರೆ ಹಿಂದೆ ಭಾರದ ಬಾಲ ಏಳುತ್ತದೆ. ನನ್ನ ಮೇಜು ಗೋಡೆಗೆ ಆನಿಸಿದೆ, ಬಾಲಕ್ಕೆ ಜಾಗವಿಲ್ಲ. ಹ್ಯಾಲೊಜೆನ್ ಬಲ್ಬಿನ ಬಿಸಿ ಬೇರೆ.

ಆಂಗಲ್‌ಪಾಯ್ಸ್ ಕಂಡುಹಿಡಿದ ಜಾರ್ಜ್ ಕಾರ್ವರ್ಡಿನ್ ಇಂಗ್ಲೆಂಡಿನ ಬಾತ್ ಊರಿನವರು, ಕಾರಿನ ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗ್ ವ್ಯವಸ್ಥೆಯ ಎಂಜಿನಿಯರ್. ಎದುರು ಭಾರದ ಕೆಲಸವನ್ನು ಅವರು ಸ್ಪ್ರಿಂಗ್‌ಗೆ ವಹಿಸಿದರು. ಮನೆಬಳಕೆಗೆಂದು 1935ರಲ್ಲಿ ಬಂದ 1227 ಮಾದರಿಗೆ ಬುಡದಲ್ಲಿ ಮೂರು ಸ್ಪ್ರಿಂಗ್. ತಲೆಯನ್ನು ಎಲ್ಲಿಗೆ ಎಳೆದರೂ ಅಲ್ಲೇ ನಿಲ್ಲುತ್ತದೆ. ನಾನು ಬಲಗೈಯಲ್ಲಿ ಬರೆಯುವವನು. ಲ್ಯಾಂಪನ್ನು ಎಡಕ್ಕಿಟ್ಟು ತಲೆಯನ್ನು ಪುಟಕ್ಕೆ ಒಂದು ಗೇಣು ಮೇಲೆ ತಂದೆ. ಪೆನ್ಸಿಲ್ ನೆರಳು ಬಲಕ್ಕೆ ಸರಿಯಿತು, ಅಕ್ಷರ ಬಿಡಿಬಿಡಿಯಾಗಿ ಕಂಡಿತು. ಶೇಡ್ ಅಂಚು ಕಣ್ಣಿಗಿಂತ ಕೆಳಗಿರುವುದರಿಂದ ಬಲ್ಬೂ ಕಾಣುವುದಿಲ್ಲ. ನುಣುಪು ಕಾಗದ ಹೊಳೆದರೆ ಚೂರು ಓರೆ ಮಾಡಿದರೆ ಸಾಕು. ಒಂದೇ ಎಚ್ಚರಿಕೆ, ತುಂಬಾ ಭಾರದ ಬಲ್ಬ್ ಹಾಕಿದರೆ ಸ್ಪ್ರಿಂಗ್ ಲೆಕ್ಕ ತಪ್ಪಿ ತಲೆ ಜಗ್ಗುತ್ತದೆ.

ಓದೋಕೆ, ಬರೆಯೋಕೆ ನನ್ನ ಆಯ್ಕೆ ಇದೇ. ವಾಗನ್‌ಫೆಲ್ಡ್ ಹಾಲ್‌ನಲ್ಲಿ ಇರಲಿ. ಗೋಡೆಯಿಂದ ದೂರ, ಕೋಣೆಯ ನಡುವೆ ದೊಡ್ಡ ಮೇಜು ಇರುವವರು ಟಿಟ್ಸಿಯೊ ನೋಡಬಹುದು.

ಅಷ್ಟು ದುಡ್ಡು ಬೇಡ ಅನ್ನುವವರಿಗೆ ಆಂಗಲ್‌ಪಾಯ್ಸ್ ಥರದ ಅಗ್ಗದ ಲ್ಯಾಂಪ್‌ಗಳು ಬೇಕಾದಷ್ಟಿವೆ. ಕೆಲವದರಲ್ಲಿ ಸ್ಪ್ರಿಂಗ್ ಸುಮ್ನೆ ಶೋಗೆ, ತೋಳು ನಿಂತಿರುವುದು ಸ್ಕ್ರೂ ಬಿಗಿಯ ಮೇಲೆ. ಅಂಗಡಿಯಲ್ಲೇ ಸ್ಕ್ರೂ ಸ್ವಲ್ಪ ಸಡಿಲಿಸಿ, ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಕೈ ಬಿಡಿ. ಇಳಿದರೆ ವಾಪಸ್ ಇಟ್ಟುಬಿಡಿ.