ಕಾರ್ಬನ್ ಫ್ರೇಮಿಗೆ ಯಾವ ಹೊದಿಕೆ? ಎಡಕ್ಕೊಂದು, ಬಲಕ್ಕೊಂದು ಅಂಟಿಸಿ ನೋಡಿದ್ದು

ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ಮನೆಗೆ ತಂದಾಗ ಹೆಡ್‌ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಎಡಗಡೆ ಉಗುರಿನಷ್ಟು ಅಗಲದ ಮಾಸಲು ಕಲೆ ಇತ್ತು. ಒರೆಸಿದರೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಉಗುರು ಆಡಿಸಿದರೆ ಸಣ್ಣ ತಗ್ಗು ಸಿಕ್ಕಿತು. ಹ್ಯಾಂಡಲ್ ತಿರುಗಿದಾಗಲೆಲ್ಲ ಗೇರ್ ಕೇಬಲ್ಲು ಅಲ್ಲೇ ಉಜ್ಜಿ ಉಜ್ಜಿ, ಕ್ಲಿಯರ್ ಕೋಟ್, ಅಂದರೆ ಮೇಲಿನ ಪಾರದರ್ಶಕ ಲೇಪ, ದಾಟಿ ಬಣ್ಣದವರೆಗೆ ಇಳಿದಿತ್ತು. ಊರ ಬಾವಿಯ ಕಟ್ಟೆಗಲ್ಲಿನ ಮೇಲೆ ಹಗ್ಗದ ಗುರುತು ನೋಡಿದ್ದೀರಲ್ವಾ? ಅದರ ಮರಿ ಇದು.

ಕೇಬಲ್ಲಿಗೆ ಬೈದು ಪ್ರಯೋಜನವಿಲ್ಲ. ಅದರ ಹೊರಕವಚ ಬರೀ ಮೆತ್ತನೆಯ ಪ್ಲಾಸ್ಟಿಕ್ಕು. ನಿಜವಾಗಿ ಕೊರೆಯುವುದು ನಡುವೆ ಸಿಕ್ಕಿಕೊಂಡ ಧೂಳು. ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ ಒಂದು ಭಾನುವಾರ ಹೋಗಿ ಬಂದರೆ ಸಾಕು, ಫ್ರೇಮಿನ ಮೇಲೆ ಬೆರಳಿಂದ ಹೆಸರು ಬರೆಯಬಹುದು. ಆ ಧೂಳಿಗೆ ಮಳೆನೀರು, ಚೈನ್ ಎಣ್ಣೆ ಸೇರಿದರೆ ಸ್ಯಾಂಡ್‌ಪೇಪರ್ ಕೆಲಸ ಶುರು. ಅಲ್ಯೂಮಿನಿಯಂ ಫ್ರೇಮಿನಲ್ಲೂ ಹೀಗೇ ಆಗುತ್ತದೆ. ಆದರೆ ಕಾರ್ಬನ್ನಿನ ಬಲ ಇರುವುದು ಒಂದರ ಮೇಲೊಂದು ಹಾಸಿದ ನಾರಿನ ಪದರಗಳಲ್ಲಿ. ಅವನ್ನು ಹಿಡಿದಿಡುವುದು ಎಪಾಕ್ಸಿ ರಾಳ. ಬಣ್ಣ ಹೋದರೆ ಅಂದ ಹೋಯಿತು, ಅಷ್ಟೇ. ನಾರು ಕಡಿದರೆ ಬಲವೇ ಹೋಯಿತು.

ಹಾಗಾಗಿ ಎರಡು ಮಳೆಗಾಲ, ನಡುವೆ ಒಂದು ಬೇಸಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ನೋಡಿದೆ. ಹೆಡ್‌ಟ್ಯೂಬಿನ ಎರಡೂ ಕಡೆ ಕೇಬಲ್ ತಾಗುತ್ತದೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಅದೇ ಸವಾರಿ, ಅದೇ ಧೂಳು, ಅದೇ ಮಳೆ.

ಬಲಗಡೆಗೆ ನಂಬರ್ ಪ್ಲೇಟ್ ಸ್ಟಿಕ್ಕರ್ ಮಾಡುವ ಅಂಗಡಿಯಿಂದ ತಂದ ಪಾರದರ್ಶಕ ವಿನೈಲ್ ಹಾಕಿದೆ. ಎಡಗಡೆಗೆ ಕಾರುಗಳಿಗೆ ಹಾಕುವ ಪಿಪಿಎಫ್, ಅಂದರೆ ಬಣ್ಣ ಕಾಯುವ ಫಿಲ್ಮು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಹಾಕಿ ಉಳಿದ ತುಂಡು ಕೇಳಿದಾಗ ಅಂಗಡಿ ಹುಡುಗ 'ಏನ್ ಸಾರ್, ಸೈಕಲ್ಲಿಗಾ?' ಅಂತ ನಕ್ಕ. ನಕ್ಕರೂ ಎರಡು ಅಂಗೈ ಅಗಲದ ತುಂಡನ್ನು ಸುಮ್ನೆ ಕೊಟ್ಟ.

ವಿನೈಲ್ ಮೊದಲ ದಿನದಿಂದಲೇ ತಕರಾರು ತೆಗೆಯಿತು. ಸುಮಾರು 0.1 ಮಿ.ಮೀ. ದಪ್ಪದ ಹಾಳೆ ಅದು. ದುಂಡಗಿನ ಜಾಗದಲ್ಲಿ ಎಳೆದರೆ ಸುಕ್ಕು. ಬಿಸಿಲಿಗೆ ಅಂಚು ಎದ್ದಿತು. ಎದ್ದ ಅಂಚಿಗೆ ಧೂಳು ಮೆತ್ತಿ ಸುತ್ತ ಕಪ್ಪು ಗೆರೆ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕೇಬಲ್ ಅದನ್ನು ತೂತು ಮಾಡಿತ್ತು. ಎಡಗಡೆಯ ಪಿಪಿಎಫ್ ಮೇಲೆ ಬರೀ ಒಂದು ಮಂಕು ಗೆರೆ. ದಪ್ಪದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು, ಸುಮಾರು 0.2 ಮಿ.ಮೀ. ಅಷ್ಟೇ. ಆದರೆ ಗೆದ್ದದ್ದು ದಪ್ಪದಿಂದ ಮಾತ್ರ ಅಲ್ಲ. ಅದು ಪಾಲಿಯುರೆಥೇನ್, ರಬ್ಬರಿನ ಗುಣ. ಉಜ್ಜಿದರೆ ಸಿಪ್ಪೆ ಏಳದೆ ಒಳಗೆ ತಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಸಣ್ಣ ಗೀರುಗಳು ಬಿಸಿಲಿಗೆ ತಾವೇ ಮುಚ್ಚಿಕೊಳ್ಳುವುದೂ ಇದೆ.

ಸೈಕಲ್ಲಿನವರು ಹೆಲಿಕಾಪ್ಟರ್ ಟೇಪ್ ಅನ್ನುವುದೂ ಇದೇ ಜಾತಿ. ಹೆಲಿಕಾಪ್ಟರ್ ರೆಕ್ಕೆಯ ಅಂಚನ್ನು ಮರಳಿನ ಹೊಡೆತದಿಂದ ಕಾಯಲು ಬಂದದ್ದು, ಅದಕ್ಕೇ ಆ ಹೆಸರು. ಅದರಲ್ಲಿ 0.36 ಮಿ.ಮೀ.ನ ದಪ್ಪದ ಬಗೆಯೂ ಉಂಟು. ಡೌನ್‌ಟ್ಯೂಬಿನ ಅಡಿಗೆ, ಮುಂದಿನ ಚಕ್ರ ಕಲ್ಲು ಚಿಮ್ಮಿಸುವ ಜಾಗಕ್ಕೆ, ಅದನ್ನು ಹಾಕಿದೆ. ಕಲ್ಲು ಬಡಿದದ್ದು ಕಿವಿಗೆ ಕೇಳಿಸುತ್ತದೆ, ಬಣ್ಣಕ್ಕೆ ಗೊತ್ತಾಗುವುದಿಲ್ಲ. ಹೆಡ್‌ಟ್ಯೂಬಿನಂಥ ಬಾಗಿದ ಜಾಗಕ್ಕೆ ಮಾತ್ರ ಅದು ಮೊಂಡು. ಅಲ್ಲಿಗೆ ತೆಳು ಫಿಲ್ಮೇ ಸರಿ.

ಫ್ರೇಮಿನ ಮಾಡೆಲ್ಲಿಗೆ ತಕ್ಕಂತೆ ಕತ್ತರಿಸಿದ ಕಿಟ್‌ಗಳೂ ಸಿಗುತ್ತವೆ. ಗೆಳೆಯನೊಬ್ಬ ತರಿಸಿದ್ದ, ಇಬ್ಬರೂ ಕೂತು ಒಂದು ಮಧ್ಯಾಹ್ನ ಅಂಟಿಸಿದೆವು. ನೋಡೋಕೆ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮಾಲು ಅದೇ. ಜಾಸ್ತಿ ಕಾಸು ಕೊಡುವುದು ಕತ್ತರಿ ಕೆಲಸಕ್ಕೆ. ಹೊಸ, ದುಬಾರಿ ಸೈಕಲ್ಲಾದರೆ ಕೊಡಿ. ನನ್ನಂಥ ಹಳೇ ಗಿರಾಕಿಗಳಿಗೆ ತುಂಡು ಸಾಕು.

ಅಂಟಿಸುವಾಗ ಎರಡು ಸಲ ಕೆಡಿಸಿಕೊಂಡು ಕಲಿತದ್ದು ಇಷ್ಟು. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಫ್ರೇಮಿಗೂ ಫಿಲ್ಮಿನ ಅಂಟಿಗೂ ಚಿಮುಕಿಸಿ. ಆಗ ಜರುಗಿಸಿ ಕೂರಿಸಬಹುದು. ಆಮೇಲೆ ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ. ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಏಳುವುದು. ಒಂದು ದಿನ ಸೈಕಲ್ ತೊಳೆಯಬೇಡಿ. ತೆಗೆಯುವಾಗ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ನೇರ ಮೇಲಕ್ಕೆ ಕೀಳದೆ ಫ್ರೇಮಿಗೆ ಒರಗಿಸಿಕೊಂಡು ನಿಧಾನ ಎಳೆಯಿರಿ. ಅವಸರಪಟ್ಟು ನಾನು ಕಂಪನಿಯ ಹೆಸರಿನ ಒಂದು ಅಕ್ಷರ ಕಿತ್ತುಕೊಂಡಿದ್ದೇನೆ.

ಇನ್ನು ಚೈನ್‌ಸ್ಟೇ, ಅಂದರೆ ಪೆಡಲ್ ಬಳಿಯಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕೊಳವೆ. ಇಲ್ಲಿಯ ಕಾಟ ಬೇರೆ. ಹಂಪ್ ಬಂದಾಗಲೆಲ್ಲ ಚೈನು ಮೇಲಿಂದ ಬಡಿಯುತ್ತದೆ. ಉಜ್ಜಾಟ ಕಡಿಮೆ, ಪೆಟ್ಟು ಜಾಸ್ತಿ. ತೆಳು ಫಿಲ್ಮು ಗೀರು ತಡೆಯಿತು, ಟಕ್ ಟಕ್ ಸದ್ದು ತಡೆಯಲಿಲ್ಲ.

ಮೊದಲು ಎಲ್ಲರ ಹಾಗೆ ಹಳೇ ಟ್ಯೂಬು ಸೀಳಿ ಸುತ್ತಿದೆ. ತುದಿಗೆ ಜಿಪ್ ಟೈ. ಪುಗಸಟ್ಟೆ, ಸದ್ದೂ ನಿಂತಿತು. ತಿಂಗಳುಗಟ್ಟಲೆ ಖುಷಿಯಾಗಿದ್ದೆ. ಮಳೆಗಾಲ ಕಳೆದು ಬಿಚ್ಚಿದರೆ ಒಳಗೆ ನುಣ್ಣನೆ ಕೆಸರು! ಕಾಯಲು ಕಟ್ಟಿದ ಟ್ಯೂಬೇ ಆ ಕೆಸರನ್ನು ಒತ್ತಿ ಹಿಡಿದು ಕ್ಲಿಯರ್ ಕೋಟ್ ಉಜ್ಜಿತ್ತು. ಹೊಳೆಯುತ್ತಿದ್ದ ಜಾಗ ಮಂಕಾಗಿತ್ತು. ಅಂಗಡಿಯಲ್ಲಿ ಸಿಗುವ ಬಟ್ಟೆಯಂಥ ನಿಯೋಪ್ರಿನ್ ಕವಚವೂ ಇದೇ ಕಥೆ, ಜೊತೆಗೆ ನೀರು ಹೀರಿ ಒದ್ದೆ ಕಾಲುಚೀಲದ ಹಾಗೆ ಕೂರುತ್ತದೆ. ಅಂಟದೆ ಸುಮ್ಮನೆ ಸುತ್ತಿಕೊಳ್ಳುವ ಯಾವುದನ್ನೂ ನಾನು ಈಗ ನಂಬುವುದಿಲ್ಲ. ಹಾಕಲೇಬೇಕೆಂದರೆ ಅಡಿಗೆ ಒಂದು ಪದರ ಫಿಲ್ಮು ಅಂಟಿಸಿ, ಮಳೆಯಲ್ಲಿ ತಿರುಗಿ ಬಂದಾಗಲೆಲ್ಲ ಬಿಚ್ಚಿ ತೊಳೆಯಿರಿ.

ಗೆದ್ದದ್ದು ರಬ್ಬರ್ ಮಾಸ್ಟಿಕ್ ಟೇಪು. ಎಲೆಕ್ಟ್ರಿಷಿಯನ್ನರು ಕೇಬಲ್ ಜೋಡಣೆಗೆ ಸುತ್ತುವಂಥದ್ದು. ನಾನು ತಂದದ್ದು 3ಎಂ ಕಂಪನಿಯ 2228, 1.65 ಮಿ.ಮೀ. ದಪ್ಪ. ಮೆತ್ತಗೆ ಜೇಡಿಮಣ್ಣಿನ ಹಾಗೆ ಫ್ರೇಮಿಗೆ ಅಪ್ಪಿಕೊಳ್ಳುತ್ತದೆ, ಒಳಗೆ ಧೂಳಿಗೆ ದಾರಿಯೇ ಇಲ್ಲ. ಚೈನು ಬಡಿದರೆ ಸದ್ದೂ ಇಲ್ಲ. ಕಪ್ಪಗೆ ಒರಟಾಗಿ ಕಾಣುತ್ತದೆ ಎನ್ನುವುದೊಂದೇ ದೂರು. ಮೇಲೆ ಎಣ್ಣೆ ಕೊಳೆ ಮೆತ್ತುತ್ತದೆ, ಆದರೆ ಚೈನ್‌ಸ್ಟೇ ನೋಡಿ ಹೆಣ್ಣು ಕೊಡುವವರು ಯಾರೂ ಇಲ್ಲವಲ್ಲ.

ಸಾಮಾನ್ಯ ಇನ್ಸುಲೇಷನ್ ಟೇಪನ್ನು ಮಾತ್ರ ಫ್ರೇಮಿನ ಹತ್ತಿರಕ್ಕೆ ತರಬೇಡಿ. ಸೀಟ್‌ಪೋಸ್ಟಿಗೆ, ಸೀಟ್ ಕೆಳಗಿನ ಚೀಲದ ಪಟ್ಟಿ ಉಜ್ಜುವ ಕಡೆ, ಸುತ್ತಿದ್ದೆ. ಬೇಸಿಗೆಯಲ್ಲಿ ಅಂಟು ಕರಗಿ ಟೇಪು ಜಾರಿತು, ಕಪ್ಪು ಗೋಂದು ಉಳಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿದ ಮೇಲೆ ಬಿಟ್ಟಿತು. ಈಗ ಅಲ್ಲಿಯೂ ಪಿಪಿಎಫ್. ಒಂದು ಎಚ್ಚರಿಕೆ: ಕ್ಲಾಂಪ್ ಹಿಡಿಯುವ ಜಾಗಕ್ಕೆ, ಸೀಟ್‌ಟ್ಯೂಬಿನ ಒಳಗೆ ಹೋಗುವ ಭಾಗಕ್ಕೆ ಫಿಲ್ಮು ಬೇಡವೇ ಬೇಡ. ಪೋಸ್ಟು ಜಾರುತ್ತದೆ, ಜಾರಿತೆಂದು ಬೋಲ್ಟ್ ಇನ್ನಷ್ಟು ಬಿಗಿದರೆ ಕಾರ್ಬನ್ ಬಿರಿಯುತ್ತದೆ. ಅಲ್ಲಿಗೆ ಇರುವುದು ಹಿಡಿತ ಹೆಚ್ಚಿಸುವ ಕಾರ್ಬನ್ ಪೇಸ್ಟ್.

ಬಣ್ಣವಿಲ್ಲದ ನೇಲ್ ಪಾಲಿಶ್ ಕೂಡ ಕೆಲವರು ಹೇಳುತ್ತಾರೆ. ಅದು ಗುಳಿ ತುಂಬಲು ಸರಿ, ಕಾಯಲು ಅಲ್ಲ. ನನ್ನ ಹಳೇ ಕಲೆಗೆ ಎರಡು ಕೈ ಬಳಿದು, ಒಣಗಿಸಿ, ಅದರ ಮೇಲೆ ಫಿಲ್ಮು ಅಂಟಿಸಿದೆ.

ಇಷ್ಟೆಲ್ಲ ಅಂಟಿಸಿದ ಮೇಲೆ ಒಬ್ಬ ಮೆಕ್ಯಾನಿಕ್ ಅಣ್ಣ ಹ್ಯಾಂಡಲ್ ಆಚೀಚೆ ತಿರುಗಿಸಿ ನೋಡಿ, 'ಕೇಬಲ್ಲೇ ಉದ್ದ ಇದೆಯಲ್ಲ' ಅಂದರು. ಎರಡು ಸೆಂ.ಮೀ. ಕತ್ತರಿಸಿ, ಫ್ರೇಮಿಗೆ ತಾಗುವ ಕಡೆ ಕೇಬಲ್ಲಿಗೆ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವಂಥದ್ದು) ತೊಡಿಸಿದರು. ತಾಗುವುದೇ ಅರ್ಧಕ್ಕೆ ಇಳಿಯಿತು. ಹತ್ತು ನಿಮಿಷದ ಕೆಲಸ. ಇದನ್ನು ಮೊದಲೇ ಮಾಡಿಸಿದ್ದರೆ ವಿನೈಲೂ ಇನ್ನೊಂದಿಷ್ಟು ದಿನ ಬಾಳುತ್ತಿತ್ತೇನೋ. ಕತ್ತರಿಸುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅಳೆಯಬೇಕು, ಗಿಡ್ಡವಾದರೆ ಗೇರ್ ಎಳೆಯುತ್ತದೆ.

ಹೊದಿಕೆಗೆ ಬಗ್ಗದ ಜಾಗಗಳೂ ಇವೆ. ಚೈನು ಒಳಗೆ ಬಿದ್ದು ಬಿಬಿ (ಪೆಡಲ್ ಅಚ್ಚು ಕೂರುವ ಜಾಗ) ಹತ್ತಿರ ಸಿಕ್ಕಿಕೊಂಡರೆ ಯಾವ ಫಿಲ್ಮೂ ಉಳಿಯುವುದಿಲ್ಲ. ಅಲ್ಲಿಗೆ ಚೈನು ಒಳಗೆ ಬೀಳದಂತೆ ತಡೆಯುವ ಚೈನ್ ಕ್ಯಾಚರ್, ಇಲ್ಲವೇ ಕಂಪನಿಯವರೇ ಅಂಟಿಸುವ ತೆಳು ಸ್ಟೀಲ್ ತಗಡು ಬೇಕು. ಟೈರಿಗೂ ಚೈನ್‌ಸ್ಟೇಗೂ ನಡುವೆ ಜಾಗ ಕಮ್ಮಿಯಿದ್ದು ಕೆಮ್ಮಣ್ಣು ತುಂಬಿಕೊಂಡರೂ ಅಷ್ಟೇ. ತೆಳು ಟೈರ್ ಹಾಕಿ, ಇಲ್ಲವೇ ಇಳಿದು ಕಡ್ಡಿಯಿಂದ ಕೆರೆಯಿರಿ. ಬಣ್ಣದ ಕೆಳಗಿನ ನಾರು ಎದ್ದು ಕೂದಲಿನಂತೆ ಕಂಡರೆ, ಅದರ ಮೇಲೆ ಟೇಪು ಹಾಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸವಾರಿ ನಿಲ್ಲಿಸಿ, ಕಾರ್ಬನ್ ರಿಪೇರಿ ಗೊತ್ತಿದ್ದವರಿಗೆ ತೋರಿಸಬೇಕು.

ಈಗ ಬಲಗಡೆಯ ವಿನೈಲ್ ಕಿತ್ತು ಅಲ್ಲಿಗೂ ಪಿಪಿಎಫ್ ಹಾಕಿದ್ದೇನೆ. ಚೈನ್‌ಸ್ಟೇ ಮೇಲೆ ಮಾಸ್ಟಿಕ್ಕು. ಆ ಸುರುಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಹೋದ ತಿಂಗಳು ಊರಿಗೆ ಹೋದಾಗ ಭಾವ ನೋಡಿ, ತೋಟದ ಮೋಟಾರಿನ ವೈರ್ ಜೋಡಣೆಗೆ ಬೇಕು ಅಂತ ಇಸಕೊಂಡರು.