ಸೈಟು ಕೊಳ್ಳುವ ಮುನ್ನ: ಕೊಡಗೋ, ಕರಾವಳಿಯೋ, ಕೃಷ್ಣಾ ತೀರವೋ?

ನಿವೃತ್ತಿಯಾದ ಮೇಲೆ ಊರ ಕಡೆ ಮನೆ ಕಟ್ಟಬೇಕೆನ್ನುವವರು ರಸ್ತೆ, ನೀರು, ಕರೆಂಟು ವಿಚಾರಿಸುತ್ತಾರೆ. ಆ ಜಾಗ ಆಷಾಢದ ಮಳೆಯಲ್ಲಿ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ.

ಕೊಡಗಿನಲ್ಲಿ ಭಯ ಬರೆಯದ್ದು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯದ್ದು. ಮನೆಗೋ ರಸ್ತೆಗೋ ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಎಡೆಬಿಡದ ಮಳೆಗೆ ನೀರು ಕುಡಿದು ಭಾರವಾದ ಮಣ್ಣು ಒಮ್ಮೆಲೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಮನೆ, ತೋಟ ಎಲ್ಲ ಕೊಚ್ಚಿಹೋದವು. ಸೈಟಿನ ಹಿಂದೆ ಜೆಸಿಬಿ ಕಡಿದ ನೆಟ್ಟಗಿನ ಬರೆ, ನೆಲದಲ್ಲಿ ಉದ್ದ ಬಿರುಕು, ಓರೆಯಾದ ಮರ, ಹೊಸ ಒರತೆ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ‘ವ್ಯೂ ಚೆನ್ನಾಗಿದೆ ಸಾರ್’ ಅನ್ನುವವರು ಅದನ್ನು ತೋರಿಸುವುದಿಲ್ಲ.

ಕರಾವಳಿಯಲ್ಲಿ ಉಳ್ಳಾಲದಂಥ ಕಡೆ ಕಡಲ್ಕೊರೆತ. ಆದರೆ ಗುಡ್ಡದ ಕಾಟ ಇಲ್ಲೂ ಇದೆ: 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿತ್ತು.

ಕೃಷ್ಣಾ ತೀರದ ಲೆಕ್ಕ ಬೇರೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಮೊದಲೇ ಬರುತ್ತದೆ, ದನಕರು ಸಾಗಿಸಲು ಹೊತ್ತು ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಹೊರಟರೆ ಜೀವ ಉಳಿಯುತ್ತದೆ, 2019ರಲ್ಲಾದಂತೆ ಕಬ್ಬು, ಮನೆ ಮಾತ್ರ ದಿನಗಟ್ಟಲೆ ನೀರಲ್ಲಿ.

ಬೆಂಗಳೂರಲ್ಲಾದರೆ ಮಳೆನೀರು ಹರಿಯುವ ರಾಜಕಾಲುವೆಯ ನಕ್ಷೆ ಮೊದಲು ನೋಡಿ. ಚಿತ್ರದುರ್ಗ, ಕೋಲಾರದಲ್ಲಿ ನೆರೆಗಿಂತ ಬರ ದೊಡ್ಡದು.

ನನ್ನನ್ನು ಕೇಳಿದರೆ, ಮುನ್ಸೂಚನೆ ಕೊಡುವ ಹೊಳೆಯೇ ಮೇಲು. ತೀರದಿಂದ ದೂರ, ಎತ್ತರದ ದಿಬ್ಬದಲ್ಲಿ ಕಟ್ಟಿ. ಹಳೆಯ ನೆರೆ ಎಲ್ಲಿವರೆಗೆ ಬಂದಿತ್ತೆಂದು ಊರ ಹಿರಿಯರು ಗೋಡೆ ಮುಟ್ಟಿಯೇ ತೋರಿಸುತ್ತಾರೆ.