ವೈಈಸ್ಟ್ 3068: ಐದು ತಿಂಗಳ ಹಳೆಯ ಪ್ಯಾಕೆಟ್ ಕೆಲಸಕ್ಕೆ ಬರುತ್ತದೆಯೇ?

ಪೋರ್ಟ್‌ಲ್ಯಾಂಡಿನ ನಮ್ಮ ಮನೆಯಲ್ಲಿ ಗೋಧಿ ಬಿಯರ್ ಮಾಡುವಾಗ ನಾನು ನಂಬುವುದು ವೈಈಸ್ಟ್ ಕಂಪನಿಯ 3068 ಎಂಬ ಈ ದ್ರವ ಯೀಸ್ಟನ್ನೇ. ಬಾಳೆಹಣ್ಣು, ಲವಂಗದ ಘಮ ಇಷ್ಟು ತುಂಬಿ ಬರುವುದನ್ನು ಒಣ ಯೀಸ್ಟ್‌ನಲ್ಲಿ ನಾನು ಕಂಡಿಲ್ಲ.

ಈ ಸಲ ಸಿಕ್ಕ ಪ್ಯಾಕೆಟ್ ತಯಾರಾಗಿ ಐದು ತಿಂಗಳಾಗಿತ್ತು. ಕಂಪನಿ ಹೇಳುವ ಆಯುಷ್ಯ ಆರು ತಿಂಗಳು, ಅದೂ ಫ್ರಿಜ್‌ನಲ್ಲಿಟ್ಟರೆ. ಒಳಗಿರುವ ಪೋಷಕಾಂಶದ ಪುಟ್ಟ ಚೀಲವನ್ನು ಅಂಗೈಯಿಂದ ಗುದ್ದಿ ಒಡೆದೆ. ಹೊಸದಾದರೆ ಕೆಲವೇ ಗಂಟೆಗಳಲ್ಲಿ ಉಬ್ಬುತ್ತದೆ. ಇದಕ್ಕೆ ರಾತ್ರಿಯಿಡೀ ಬೇಕಾಯಿತು. ಉಬ್ಬಿತೆಂದರೆ ಯೀಸ್ಟ್ ಬದುಕಿದೆ ಎಂದಷ್ಟೇ ಅರ್ಥ, ಎಷ್ಟು ಬದುಕಿದೆ ಎಂದು ತಿಳಿಯದು. ಉಬ್ಬದಿದ್ದರೂ ತಕ್ಷಣ ಎಸೆಯಬೇಡಿ.

ಹೊಸ ಪ್ಯಾಕೆಟ್‌ನಲ್ಲಿ ಸುಮಾರು 10,000 ಕೋಟಿ ಜೀವಕೋಶಗಳಿರುತ್ತವೆ, 19 ಲೀಟರ್ ಬಿಯರಿಗೆ ಸಾಕು. ಹಳೆಯದರಲ್ಲಿ ಅಷ್ಟಿರುವುದಿಲ್ಲ. ಹಾಗಾಗಿ ಬಿಯರಿಗೆ ಹಾಕುವ ಮೊದಲು ಜೀವಕೋಶಗಳು ಹೆಚ್ಚಲೆಂದು ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ (ಮೊಳಕೆ ಬರಿಸಿದ ಧಾನ್ಯದ ಸಾರ) ಹಾಕಿ ಕುದಿಸಿ, ಪೂರ್ತಿ ಆರಿಸಿ, ಯೀಸ್ಟ್ ಸುರಿದು ಆಗಾಗ ಅಲ್ಲಾಡಿಸುತ್ತಿದ್ದೆ. ಮರುದಿನ ಮೇಲೆ ನೊರೆ, ತಳದಲ್ಲಿ ಕೆನೆಬಣ್ಣದ ದಪ್ಪ ಗಷ್ಟು. ಮೂಸಿದರೆ ಹಸಿ ಬ್ರೆಡ್ ಹಿಟ್ಟಿನ ವಾಸನೆ. ಹುಳಿನಾತವೋ ರಬ್ಬರಿನ ನಾತವೋ ಬಂದಿದ್ದರೆ ಸಿಂಕಿಗೆ ಸುರಿಯುತ್ತಿದ್ದೆ. ಅಂಥದ್ದಕ್ಕೆ ಒಳ್ಳೆಯ ಮಾಲ್ಟ್ ಹಾಳುಮಾಡುವುದು ಬೇಡ.

ಬಿಯರ್ ಸೊಗಸಾಗಿ ಬಂತು, ಬಾಳೆಯ ಘಮ ಎಲ್ಲೂ ತಗ್ಗಿಲ್ಲ. ತಯಾರಿಕೆಯ ದಿನಾಂಕವನ್ನು ಪ್ಯಾಕೆಟ್ ಮೇಲೇ ಅಚ್ಚು ಹಾಕಿರುವುದು ದೊಡ್ಡ ಉಪಕಾರ. ಬೇಸಿಗೆಯಲ್ಲಿ ಅಂಚೆಯಲ್ಲಿ ತರಿಸುವವರು ಐಸ್ ಪ್ಯಾಕ್ ಕೇಳಿ ಪಡೆಯಿರಿ.